ಪೂರೈಕೆ ಸರಪಳಿ, ದಾಸ್ತಾನು ಮತ್ತು ಸೇನೆಯ ಕಾರ್ಯಸಾಮರ್ಥ್ಯ: ಅಧ್ಯಯನ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಚಿಕ್ಕಮಗಳೂರು ಜಿಲ್ಲೆಯ ಕಾಲೇಜುಗಳಲ್ಲಿ ವಾಣಿಜ್ಯ ಮತ್ತು ವ್ಯವಹಾರ ನಿರ್ವಹಣೆ ಓದುವವರು ಪ್ರಾಜೆಕ್ಟ್ ವರದಿಗೆ ವಿಷಯ ಹುಡುಕುವಾಗ ಹೆಚ್ಚಾಗಿ ಕಾಫಿ ವ್ಯಾಪಾರ, ಸಹಕಾರ ಸಂಘ, ಪ್ರವಾಸೋದ್ಯಮಗಳ ಕಡೆಗೇ ಹೋಗುತ್ತಾರೆ. ಎನ್‌ಸಿಸಿಯಲ್ಲಿ ಪಳಗಿದ ಕೆಲವರು ಮಾತ್ರ ಸೇನೆಯ ಪೂರೈಕೆ ವ್ಯವಸ್ಥೆಯನ್ನು ಆರಿಸಿಕೊಳ್ಳುತ್ತಾರೆ. ಇದು ಒಳ್ಳೆಯ ಆಯ್ಕೆ, ಆದರೆ ಕಷ್ಟದ ಆಯ್ಕೆ. ಇಂಥ ವರದಿಗಳಲ್ಲಿ ದಾಸ್ತಾನು ನಿರ್ವಹಣೆಯ ಸೂತ್ರಗಳು ಒಂದು ಅಧ್ಯಾಯದಲ್ಲಿಯೂ ಯುದ್ಧಗಳ ವೃತ್ತಾಂತ ಮತ್ತೊಂದು ಅಧ್ಯಾಯದಲ್ಲಿಯೂ ಬೇರೆ ಬೇರೆಯಾಗಿ ಉಳಿದುಬಿಡುತ್ತವೆ. ಗೋದಾಮಿನ ಒಂದು ಕೊರತೆ ಗಡಿಯ ಮೇಲಿನ ತುಕಡಿಯ ಕೈಯನ್ನು ಯಾವ ದಾರಿಯಲ್ಲಿ ಕಟ್ಟಿಹಾಕುತ್ತದೆ ಎಂಬುದು ಎಲ್ಲಿಯೂ ಕಾಣುವುದಿಲ್ಲ. ಆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಗುರುತಿಸುವುದು ಹೇಗೆ ಎಂಬುದನ್ನು ತಿಳಿಸಲೆಂದು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಡಿಪೊದಲ್ಲಿ ಎಷ್ಟು ಟನ್ ಸರಕಿದೆ, ಅದರ ಬೆಲೆ ಎಷ್ಟು ಕೋಟಿ ಎಂಬ ಅಂಕಿಗಳಿಂದ ಸೇನೆಯ ಬಲ ತಿಳಿಯುವುದಿಲ್ಲ ಎಂಬುದನ್ನು ಆರಂಭದಲ್ಲಿಯೇ ಮನಸ್ಸಿಗೆ ತಂದುಕೊಳ್ಳಬೇಕು. ಕಾದಾಡುವವರ ಕೈಗೆ ಎಟಕುವ ಜಾಗದಲ್ಲಿ ಎಷ್ಟು ದಿನಕ್ಕೆ ಸಾಲುವಷ್ಟು ಸರಕಿದೆ, ಅದು ಮುಗಿಯುವ ಮೊದಲು ಮುಂದಿನ ಕಂತು ಬಂದು ಸೇರುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಾಗಲೇ ಬಲದ ಅಳತೆ ಸಿಗುತ್ತದೆ. ಮುಂದಿನ ಎಲ್ಲ ಹಂತಗಳೂ ಈ ಎರಡು ಪ್ರಶ್ನೆಗಳ ಸುತ್ತಲೇ ಇವೆ.

ಹಂತ 1: ಯಾವ ಸಾಮರ್ಥ್ಯವನ್ನು ಅಳೆಯುತ್ತೀರಿ ಎಂದು ನಿರ್ಧರಿಸಿ

‘ಕಾರ್ಯಸಾಮರ್ಥ್ಯ’ ಎಂದು ಬರೆದು ಮುಂದೆ ಹೋಗಬೇಡಿ. ಆದೇಶ ಬಂದ ಎಷ್ಟು ಗಂಟೆಯೊಳಗೆ ತುಕಡಿ ಹೊರಡಬಲ್ಲದು, ಹೊರಗಿನ ಪೂರೈಕೆಯಿಲ್ಲದೆ ಎಷ್ಟು ದಿನ ಕಾದಾಡಬಲ್ಲದು, ಅದರ ವಾಹನ ಮತ್ತು ಫಿರಂಗಿಗಳಲ್ಲಿ ಎಷ್ಟು ಭಾಗ ಈ ಕ್ಷಣ ಓಡುವ ಸ್ಥಿತಿಯಲ್ಲಿವೆ ಎಂಬಂಥ ಅಳೆಯಬಹುದಾದ ಒಂದು ಸಂಗತಿಯನ್ನು ಆರಿಸಿಕೊಳ್ಳಿ. ಮೊದಲ ಸಲ ಅಧ್ಯಯನ ಮಾಡುವವರಿಗೆ ಕೊನೆಯದು ಅನುಕೂಲ, ಏಕೆಂದರೆ ಅದಕ್ಕೊಂದು ಸರಳವಾದ ಸೂತ್ರವಿದೆ: ಯಂತ್ರ ಕೆಲಸ ಮಾಡಿದ ಸಮಯವನ್ನು, ಕೆಲಸ ಮಾಡಿದ ಸಮಯ ಮತ್ತು ನಿಂತುಹೋದ ಸಮಯ ಎರಡನ್ನೂ ಕೂಡಿಸಿದ ಮೊತ್ತದಿಂದ ಭಾಗಿಸಿದರೆ ಕಾರ್ಯಲಭ್ಯತೆ ಸಿಗುತ್ತದೆ.

ನಿಂತುಹೋದ ಸಮಯವನ್ನು ಎರಡಾಗಿ ಒಡೆದು ನೋಡಿದಾಗ ದಾಸ್ತಾನಿನ ಪಾತ್ರ ಬೆಳಕಿಗೆ ಬರುತ್ತದೆ. ಒಂದು ಟ್ರಕ್ಕು 300 ಗಂಟೆ ಓಡಿದ ಮೇಲೆ ಕೆಟ್ಟು ನಿಲ್ಲುತ್ತದೆ, ಮೆಕ್ಯಾನಿಕ್ಕಿನ ಕೈಕೆಲಸಕ್ಕೆ 10 ಗಂಟೆ ಸಾಕು, ಆದರೆ ಬಿಡಿಭಾಗ ಬರಲು 90 ಗಂಟೆ ಕಾಯಬೇಕು ಎಂದು ಇಟ್ಟುಕೊಳ್ಳೋಣ. ಲಭ್ಯತೆ 400ಕ್ಕೆ 300, ಅಂದರೆ ಶೇ 75. ಮೆಕ್ಯಾನಿಕ್ಕುಗಳಿಗೆ ಉತ್ತಮ ತರಬೇತಿ ಕೊಟ್ಟು ಕೈಕೆಲಸದ ಸಮಯವನ್ನು ಅರ್ಧಕ್ಕೆ ಇಳಿಸಿದರೆ ಲಭ್ಯತೆ ಸುಮಾರು ಶೇ 76 ಆಗುತ್ತದೆ, ಅಷ್ಟೇ. ಅದೇ ಬಿಡಿಭಾಗಕ್ಕೆ ಕಾಯುವ ಸಮಯವನ್ನು ಅರ್ಧ ಮಾಡಿದರೆ ಅದು ಶೇ 84.5ಕ್ಕೆ ಏರುತ್ತದೆ. 40 ಟ್ರಕ್ಕುಗಳ ಒಂದು ತುಕಡಿಯಲ್ಲಿ ಹೊಸದಾಗಿ ಒಂದು ಟ್ರಕ್ಕನ್ನೂ ಕೊಳ್ಳದೆ ಸುಮಾರು ನಾಲ್ಕು ಟ್ರಕ್ಕುಗಳು ರಸ್ತೆಗೆ ಮರಳಿದಂತಾಯಿತು. ಪೂರೈಕೆ ಸರಪಳಿ ಸಾಮರ್ಥ್ಯದ ಮೇಲೆ ಪ್ರಭಾವ ಬೀರುತ್ತದೆ ಎಂದು ಹತ್ತು ಪುಟ ಬರೆಯುವುದಕ್ಕಿಂತ ಈ ಒಂದು ಲೆಕ್ಕವನ್ನು ನಿಮ್ಮ ಕೈಯಾರೆ ಮಾಡಿ ತೋರಿಸುವುದು ಮೇಲು.

ಹಂತ 2: ಮುಂಚೂಣಿಯಿಂದ ಹಿಂದಕ್ಕೆ ಬರುತ್ತ ಸರಪಳಿಯ ನಕ್ಷೆ ಬರೆಯಿರಿ

ಹೆಚ್ಚಿನವರು ಕಾರ್ಖಾನೆಯಿಂದ ಆರಂಭಿಸಿ ಗಡಿಯವರೆಗೆ ಬಾಣದ ಗುರುತು ಎಳೆಯುತ್ತಾರೆ. ನೀವು ಅದನ್ನು ತಿರುಗಿಸಿ, ಗಡಿಯ ಕೊನೆಯ ಠಾಣೆಯಿಂದ ಆರಂಭಿಸಿ ಹಿಂದಕ್ಕೆ ಬನ್ನಿ. ಠಾಣೆಯಲ್ಲಿರುವ ಜವಾನನಿಗೆ ಸೀಮೆಎಣ್ಣೆ, ಹಿಟ್ಟು, ಗುಂಡು, ಬ್ಯಾಟರಿ, ಔಷಧಿ ಎಲ್ಲಿಂದ ಬಂತು? ಅಲ್ಲಿಗೆ ಯಾರ ಹೆಗಲ ಮೇಲೆ, ಯಾವ ವಾಹನದಲ್ಲಿ, ಯಾವ ರಸ್ತೆಯಲ್ಲಿ ಬಂತು? ಅದರ ಹಿಂದಿನ ನಿಲ್ದಾಣ ಯಾವುದು? ಹೀಗೆ ಕೇಳುತ್ತ ಬಂದರೆ ಹೇಸರಗತ್ತೆ ಹೋಗುವ ಕಾಲುದಾರಿ, ಹೆಲಿಕಾಪ್ಟರ್ ಇಳಿಯುವ ಚಪ್ಪಟೆ ಜಾಗ, ವರ್ಷದ ಕೆಲವು ತಿಂಗಳು ಮಾತ್ರ ತೆರೆದಿರುವ ಕಣಿವೆ ಮುಂತಾದ ಇಕ್ಕಟ್ಟಿನ ಜಾಗಗಳು ತಾವಾಗಿಯೇ ಎದುರಾಗುತ್ತವೆ.

ಭಾರತೀಯ ಭೂಸೇನೆಯಲ್ಲಿ ಈ ಕೆಲಸವನ್ನು ಮುಖ್ಯವಾಗಿ ಮೂರು ವಿಭಾಗಗಳು ಹಂಚಿಕೊಂಡಿವೆ, ಅವುಗಳನ್ನು ಕಲಸಿಬಿಡಬಾರದು. ರೇಷನ್, ಇಂಧನ ಮತ್ತು ಸಾಗಣೆ ಆರ್ಮಿ ಸರ್ವಿಸ್ ಕೋರ್‌ನ ಹೊಣೆ. ಶಸ್ತ್ರಾಸ್ತ್ರ, ಮದ್ದುಗುಂಡು, ಬಟ್ಟೆಬರೆ, ಬಿಡಿಭಾಗಗಳು ಆರ್ಮಿ ಆರ್ಡನೆನ್ಸ್ ಕೋರ್‌ನ ಹೊಣೆ. ದುರಸ್ತಿ ಇಎಂಇ, ಅಂದರೆ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್‌ಗಳ ವಿಭಾಗದ್ದು. ಮಧ್ಯ ಭಾರತ ಮತ್ತು ಉತ್ತರ ಭಾರತದಲ್ಲಿ ಕೇಂದ್ರೀಯ ಆರ್ಡನೆನ್ಸ್ ಡಿಪೊಗಳಿವೆ. ಅವುಗಳ ಮುಂದೆ ಕ್ಷೇತ್ರ ಡಿಪೊಗಳು, ಅವುಗಳ ಮುಂದೆ ಪ್ರತಿ ಬಟಾಲಿಯನ್ನಿನ ಕ್ವಾರ್ಟರ್ ಮಾಸ್ಟರ್ ಸ್ಟೋರ್. ಟ್ರಕ್ಕು ನಿಂತಿದ್ದು ಇಎಂಇಯ ನಿಧಾನದಿಂದಲೋ, ಬಿಡಿಭಾಗ ಡಿಪೊದಲ್ಲಿಲ್ಲದ್ದರಿಂದಲೋ, ಡಿಪೊದಲ್ಲಿದ್ದೂ ಹೊತ್ತು ತರುವ ವಾಹನವಿಲ್ಲದ್ದರಿಂದಲೋ ಎಂದು ಬಿಡಿಸಿ ಹೇಳಲು ಈ ವಿಂಗಡಣೆ ಬೇಕೇ ಬೇಕು.

ನಕ್ಷೆ ಸಿದ್ಧವಾದ ಮೇಲೆ ಒಂದೊಂದು ಕೊಂಡಿಯನ್ನೂ ಮುಚ್ಚಿ ನೋಡಿ. 1999ರಲ್ಲಿ ಕಾರ್ಗಿಲ್ ಎತ್ತರಗಳನ್ನು ಹಿಡಿದು ಕುಳಿತವರ ಕಣ್ಣಿದ್ದದ್ದು ಕೆಳಗಿನ ಶ್ರೀನಗರ–ಲೇಹ್ ಹೆದ್ದಾರಿಯ ಮೇಲೆ. ಲಡಾಖ್‌ಗೂ ಸಿಯಾಚಿನ್ ಹಿಮನದಿಗೂ ಸರಕು ಹೋಗುತ್ತಿದ್ದ ಆ ರಸ್ತೆಗೆ ಗುಂಡಿನ ಭಯ ಹುಟ್ಟಿಸಿದರೆ, ಚಳಿಗಾಲಕ್ಕೆ ಮುಂಚಿತವಾಗಿ ಬೇಸಿಗೆಯಲ್ಲಿ ಮಾಡಿಕೊಳ್ಳಬೇಕಾದ ದಾಸ್ತಾನಿಗೇ ಧಕ್ಕೆ ಬರುತ್ತಿತ್ತು. ಜೋಜಿ ಲಾ ಕಣಿವೆ ಹಿಮದಿಂದ ಮುಚ್ಚಿಹೋಗುವ ಪ್ರದೇಶದಲ್ಲಿ ಬೇಸಿಗೆಯ ಒಂದೊಂದು ವಾರವೂ ಚಳಿಗಾಲದ ಹಲವು ವಾರಗಳ ಅನ್ನವಾಗಿರುತ್ತದೆ. ಮನಾಲಿಯ ಕಡೆಯಿಂದ ಹೋಗುವ ಬದಲಿ ದಾರಿಯಲ್ಲಿ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ 2020ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದಾಗ ಅದನ್ನು ಪ್ರವಾಸಿಗರ ಅನುಕೂಲವೆಂದು ಮಾತ್ರ ನೋಡಿದವರು ಅದರ ಅರ್ಧ ಅರ್ಥವನ್ನು ಬಿಟ್ಟರು.

1962ರ ಚೀನಾ ಯುದ್ಧದ ಅನುಭವ ಇನ್ನೂ ಕಠೋರ. ನಾಮ್ಕಾ ಚು ಕಣಿವೆಯಲ್ಲಿ ನಮ್ಮ ಬ್ರಿಗೇಡ್ ನಿಂತಿದ್ದ ಜಾಗಕ್ಕೆ ರಸ್ತೆಯೇ ಇರಲಿಲ್ಲ. ತ್ಸಾಂಗ್‌ಧರ್‌ನ ಎತ್ತರದ ಬಯಲಿಗೆ ವಿಮಾನದಿಂದ ಉದುರಿಸಿದ ಸಾಮಾನಿನಲ್ಲಿ ಬಹಳಷ್ಟು ಕಮರಿಗಳ ಪಾಲಾಯಿತು. ಸೈನಿಕರು ಬೆಟ್ಟದ ಚಳಿಯಲ್ಲಿ ತೆಳುವಾದ ಬಟ್ಟೆಯಲ್ಲಿದ್ದರು, ಅವರ ಚೀಲದಲ್ಲಿ ಗುಂಡುಗಳೂ ಕಡಿಮೆಯಿದ್ದವು. ಆ ಸೋಲಿಗೆ ರಾಜಕೀಯ ನಿರ್ಧಾರಗಳೂ ಸೇನಾ ನಾಯಕತ್ವದ ತಪ್ಪುಗಳೂ ಕಾರಣವಾಗಿದ್ದವು, ಎಲ್ಲವನ್ನೂ ಪೂರೈಕೆಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ರಸ್ತೆ ಮುಗಿಯುವ ಜಾಗದಿಂದ ಎಷ್ಟು ದೂರ ಸೇನೆಯನ್ನು ಸಾಕಬಹುದು ಎಂಬ ಲೆಕ್ಕ ಹಾಕದೆ ಅಲ್ಲಿ ನಿಲ್ಲಿಸಿದ್ದು ಪೂರೈಕೆಯ ಅಧ್ಯಯನಕ್ಕೆ ನೇರವಾಗಿ ಸೇರಿದ ವಿಷಯ.

ಹಂತ 3: ಸರಕನ್ನು ಬೆಲೆಯಿಂದಲ್ಲ, ಇಲ್ಲದಿದ್ದರೆ ನಿಲ್ಲುವ ಕೆಲಸದಿಂದ ವಿಂಗಡಿಸಿ

ವಾಣಿಜ್ಯ ವಿದ್ಯಾರ್ಥಿಗಳಿಗೆ ಎಬಿಸಿ ವಿಂಗಡಣೆ ಗೊತ್ತಿರುತ್ತದೆ: ವರ್ಷದಲ್ಲಿ ಹೆಚ್ಚು ಹಣ ತಿನ್ನುವ ಕೆಲವೇ ವಸ್ತುಗಳು ‘ಎ’, ಕಡಿಮೆ ಹಣದ ಅನೇಕ ವಸ್ತುಗಳು ‘ಸಿ’. ಅಂಗಡಿಗೆ ಇದು ಸಾಕು, ಸೇನೆಗೆ ಸಾಲದು. ಅತ್ಯಗತ್ಯ, ಅಗತ್ಯ, ಅಪೇಕ್ಷಣೀಯ ಎಂದು ಮೂರು ಮಾಡುವ ವಿಇಡಿ ವಿಂಗಡಣೆಯನ್ನು ಅದರ ಜೊತೆ ಸೇರಿಸಿ ಒಂಬತ್ತು ಮನೆಗಳ ಕೋಷ್ಟಕ ಮಾಡಿಕೊಳ್ಳಿ. ನಿಮ್ಮ ಗಮನವೆಲ್ಲ ‘ಸಿ’ ಮತ್ತು ‘ಅತ್ಯಗತ್ಯ’ ಎರಡೂ ಸೇರುವ ಮನೆಯ ಮೇಲಿರಲಿ. ಅಗ್ಗದ ವಸ್ತುವೆಂದು ಲೆಕ್ಕಪತ್ರದಲ್ಲಿ ಯಾರೂ ತಿರುಗಿ ನೋಡದ, ಆದರೆ ಇಲ್ಲದಿದ್ದರೆ ಕೋಟಿ ಬೆಲೆಯ ಯಂತ್ರ ನಿಲ್ಲುವ ರಬ್ಬರ್ ಸೀಲು, ಬೇರಿಂಗು, ಕೇಬಲ್ಲುಗಳೆಲ್ಲ ಅಲ್ಲಿರುತ್ತವೆ.

ಫಿರಂಗಿಯ ಶೆಲ್ಲು ಮತ್ತು ಅದರ ಮೂತಿಗೆ ಜೋಡಿಸುವ ಫ್ಯೂಜ್ ಇದಕ್ಕೆ ತಕ್ಕ ಉದಾಹರಣೆ. ಶೆಲ್ಲನ್ನು ಸರಿಯಾದ ಕ್ಷಣಕ್ಕೆ ಸಿಡಿಸುವುದು ಫ್ಯೂಜ್. ಸೇನೆಯ ಮದ್ದುಗುಂಡು ನಿರ್ವಹಣೆಯ ಬಗ್ಗೆ ಮಹಾಲೇಖಪಾಲರು, ಅಂದರೆ ಸಿಎಜಿ, 2015ರಲ್ಲಿ ಸಂಸತ್ತಿಗೆ ಸಲ್ಲಿಸಿದ ವರದಿಯಲ್ಲಿ ಫ್ಯೂಜ್‌ಗಳ ಕೊರತೆಯಿಂದ ದೊಡ್ಡ ಕ್ಯಾಲಿಬರಿನ ಮದ್ದುಗುಂಡು ಬಳಕೆಗೆ ಬಾರದೆ ಉಳಿದದ್ದನ್ನು ಎತ್ತಿ ತೋರಿಸಲಾಗಿತ್ತು. ಶೆಲ್ಲುಗಳನ್ನು ಎಣಿಸಿದವರಿಗೆ ದಾಸ್ತಾನು ಕಂಡಿತು, ಹಾರಿಸಬೇಕಾದವರಿಗೆ ಕಾಣಲಿಲ್ಲ. ಮಳೆಗಾಲಕ್ಕೆ ಮುನ್ನ ಬೋರ್ಡೋ ದ್ರಾವಣ ಹೊಡೆಸುವ ನಮ್ಮ ಕಡೆಯ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೈಲುತುತ್ತ ಮೂಟೆಗಟ್ಟಲೆ ಇದ್ದು ಸುಣ್ಣ ಬಾರದಿದ್ದರೆ ಆ ದಿನ ಸ್ಪ್ರೇ ಇಲ್ಲ.

ಇದನ್ನು ಅಂಕಿಯಲ್ಲಿಯೂ ತೋರಿಸಿ. ಒಂದು ಯಂತ್ರ ಓಡಲು ಹತ್ತು ಬೇರೆ ಬೇರೆ ವಸ್ತುಗಳು ಬೇಕು, ಪ್ರತಿಯೊಂದೂ ಕೇಳಿದಾಗ ಸಿಗುವ ಸಾಧ್ಯತೆ ಶೇ 95 ಎಂದಿರಲಿ. ಶೇ 95 ಎಂದರೆ ಯಾವ ಸ್ಟೋರ್‌ಕೀಪರಿಗೂ ಹೆಮ್ಮೆಯ ಅಂಕಿ. ಆದರೆ ಹತ್ತೂ ಒಟ್ಟಿಗೆ ಸಿಗುವ ಸಾಧ್ಯತೆ 0.95ನ್ನು ಹತ್ತು ಸಲ ಗುಣಿಸಿದಷ್ಟು, ಸುಮಾರು ಶೇ 60 ಮಾತ್ರ. ಇಪ್ಪತ್ತು ವಸ್ತು ಬೇಕಾದರೆ ಶೇ 36. ಒಂದರ ಕೊರತೆಗೂ ಇನ್ನೊಂದರ ಕೊರತೆಗೂ ಸಂಬಂಧವಿಲ್ಲ ಎಂದು ಊಹಿಸಿಕೊಂಡು ಮಾಡಿದ ಲೆಕ್ಕ ಇದು ಎಂಬುದನ್ನು ವರದಿಯಲ್ಲಿ ಬರೆಯಲು ಮರೆಯಬೇಡಿ.

ಹಂತ 4: ಖರ್ಚಿನ ವೇಗವನ್ನು ಶಾಂತಿಕಾಲದ ಲೆಡ್ಜರಿನಿಂದ ತೆಗೆಯಬೇಡಿ

ಕಳೆದ ಮೂರು ವರ್ಷಗಳ ಸರಾಸರಿ ಬಳಕೆ ನೋಡಿ ಮುಂದಿನ ವರ್ಷದ ಬೇಡಿಕೆ ಬರೆಯುವುದು ಕಚೇರಿಗಳ ರೂಢಿ. ಯುದ್ಧದಲ್ಲಿ ಅದು ಒಂದೇ ವಾರದಲ್ಲಿ ಮುರಿದುಬೀಳುತ್ತದೆ. ಕಾರ್ಗಿಲ್ ಯುದ್ಧದಲ್ಲಿ ಭಾರತದ ತೋಪುಪಡೆ 2,50,000ಕ್ಕೂ ಹೆಚ್ಚು ಶೆಲ್ಲು ಮತ್ತು ರಾಕೆಟ್‌ಗಳನ್ನು ಸಿಡಿಸಿತು. ದಿನಕ್ಕೆ ಸುಮಾರು 5,000. ಬೋಫೋರ್ಸ್ ತೋಪುಗಳು ಬೆಟ್ಟದ ನೆತ್ತಿಯ ಬಂಕರುಗಳನ್ನು ಪುಡಿಮಾಡಿದ್ದನ್ನು ಎಲ್ಲರೂ ನೆನೆಯುತ್ತಾರೆ, ಆದರೆ ಆ ತೋಪುಗಳ ಪಕ್ಕಕ್ಕೆ ಪ್ರತಿದಿನವೂ ಅಷ್ಟು ಶೆಲ್ಲುಗಳನ್ನು ತಲುಪಿಸಿದ ಟ್ರಕ್ಕು ಚಾಲಕರನ್ನೂ ಡಿಪೊದ ಕೆಲಸಗಾರರನ್ನೂ ನೆನೆಯುವವರು ಕಡಿಮೆ. ಆ ಯುದ್ಧದ ನಡುವೆಯೇ ಹೊರದೇಶಗಳಿಂದ ಮದ್ದುಗುಂಡು ತರಿಸಬೇಕಾಯಿತು. ನಮ್ಮಲ್ಲಿ ಏನಿದೆಯೋ ಅದರಿಂದಲೇ ಹೋರಾಡುತ್ತೇವೆ ಎಂದು ಅಂದಿನ ಭೂಸೇನಾ ಮುಖ್ಯಸ್ಥ ಜನರಲ್ ವಿ.ಪಿ. ಮಲಿಕ್ ಬಹಿರಂಗವಾಗಿಯೇ ಹೇಳಿದ್ದರು.

ಸೇನೆ ತನ್ನ ಯುದ್ಧ ದಾಸ್ತಾನನ್ನು ದಿನಗಳಲ್ಲಿ ಅಳೆಯುವುದು ಈ ಕಾರಣಕ್ಕೇ. ಸಿಎಜಿ ವರದಿಯ ಪ್ರಕಾರ 40 ದಿನಗಳ ತೀವ್ರ ಯುದ್ಧಕ್ಕೆ ಬೇಕಾದಷ್ಟು ಮದ್ದುಗುಂಡು ಇರಬೇಕೆಂಬುದು ಗುರಿ. 20 ದಿನಗಳದ್ದು ಕನಿಷ್ಠ ಸಹಿಸಬಹುದಾದ ಮಟ್ಟ. 2013ರ ಮಾರ್ಚ್‌ನಲ್ಲಿ ಅರ್ಧದಷ್ಟು ಬಗೆಯ ಮದ್ದುಗುಂಡುಗಳು 10 ದಿನಕ್ಕೂ ಸಾಲುವಷ್ಟಿರಲಿಲ್ಲ. 2017ರಲ್ಲಿ ಬಂದ ಮುಂದಿನ ವರದಿಯಲ್ಲಿ 2016ರ ಸೆಪ್ಟೆಂಬರ್ ಹೊತ್ತಿಗೆ ಆ ಪಾಲು ಶೇ 40ರ ಆಸುಪಾಸಿನಲ್ಲಿತ್ತು. 2016ರ ಉರಿ ದಾಳಿಯ ನಂತರ ಸೇನೆಯ ಉಪಮುಖ್ಯಸ್ಥರಿಗೆ ತುರ್ತು ಖರೀದಿಯ ಅಧಿಕಾರ ಕೊಟ್ಟದ್ದನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಓದಿ.

ನಿಮ್ಮ ವರದಿಯಲ್ಲಿ ಯಾವ ವಸ್ತುವನ್ನು ಎತ್ತಿಕೊಂಡರೂ ಮೂರು ವೇಗಗಳನ್ನು ಬೇರೆ ಬೇರೆ ಬರೆಯಿರಿ: ತರಬೇತಿಯ ದಿನದ ಖರ್ಚು, ಎಚ್ಚರಿಕೆಯಲ್ಲಿ ನಿಂತ ದಿನದ ಖರ್ಚು, ತೀವ್ರ ಕಾಳಗದ ದಿನದ ಖರ್ಚು. ಎಲ್ಲ ವಸ್ತುಗಳೂ ಒಟ್ಟಿಗೆ ಏರುವುದಿಲ್ಲ. ಮದ್ದುಗುಂಡು ಹಲವು ಪಟ್ಟು ಏರಬಹುದು, ಅನ್ನದ ಖರ್ಚು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ, ಕೆಲವು ಕಚೇರಿ ಸಾಮಾನು ಇಳಿದೇ ಹೋಗುತ್ತದೆ.

ಹಂತ 5: ಪೂರೈಕೆಯ ಅವಧಿಯನ್ನಷ್ಟೇ ಅಲ್ಲ, ಅದರ ಏರುಪೇರನ್ನೂ ಲೆಕ್ಕಕ್ಕೆ ತನ್ನಿ

ಇಲ್ಲಿ ನಮ್ಮ ಜಿಲ್ಲೆಯ ಭೂಗೋಳವನ್ನೇ ಅಭ್ಯಾಸಕ್ಕೆ ಬಳಸಿಕೊಳ್ಳೋಣ. ಮಳೆಗಾಲದಲ್ಲಿ ಕೊಟ್ಟಿಗೆಹಾರದಲ್ಲಿ ಒಂದು ರಕ್ಷಣಾ ತುಕಡಿ ಬೀಡುಬಿಟ್ಟಿದೆ, ಅದರ ಜನರೇಟರು ಮತ್ತು ವಾಹನಗಳಿಗೆ ಡೀಸೆಲ್ ಮಂಗಳೂರಿನ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ಬರಬೇಕು ಎಂದು ಕಲ್ಪಿಸಿಕೊಳ್ಳಿ. ಕೆಳಗಿನ ಅಂಕಿಗಳೆಲ್ಲ ಲೆಕ್ಕ ಕಲಿಯುವುದಕ್ಕೆ ಮಾಡಿಕೊಂಡವು. ದಿನದ ಖರ್ಚು ಸರಾಸರಿ 400 ಲೀಟರ್, ಅದರ ಮಾನಕ ವಿಚಲನೆ, ಅಂದರೆ ಸರಾಸರಿಯ ಸುತ್ತಲಿನ ಏರುಪೇರಿನ ಅಳತೆ, 80 ಲೀಟರ್. ಬೇಡಿಕೆ ಕಳಿಸಿದ ಮೇಲೆ ಟ್ಯಾಂಕರ್ ಬರಲು ಸರಾಸರಿ 4 ದಿನ. ಆದರೆ ಘಾಟಿಯಲ್ಲಿ ಮಣ್ಣು ಕುಸಿಯುವ ಕಾರಣ ಈ ಅವಧಿಯ ಮಾನಕ ವಿಚಲನೆ 2 ದಿನ.

ಮೊದಲು ಖರ್ಚಿನ ಏರುಪೇರಿನ ಭಾಗ: ಅವಧಿ 4ನ್ನು 80ರ ವರ್ಗದಿಂದ ಗುಣಿಸಿದರೆ 25,600. ಆಮೇಲೆ ರಸ್ತೆಯ ಏರುಪೇರಿನ ಭಾಗ: 400ರ ವರ್ಗವನ್ನು 2ರ ವರ್ಗದಿಂದ ಗುಣಿಸಿದರೆ 6,40,000. ಎರಡನ್ನೂ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 816 ಲೀಟರ್. ನೂರಕ್ಕೆ 95 ಸಲ ಡೀಸೆಲ್ ಮುಗಿದುಹೋಗದಂತೆ ನೋಡಿಕೊಳ್ಳಬೇಕಾದರೆ ಅದನ್ನು 1.65ರಿಂದ ಗುಣಿಸಬೇಕು, ಸುರಕ್ಷಾ ದಾಸ್ತಾನು, ಅಂದರೆ ಏರುಪೇರನ್ನು ತಾಳಿಕೊಳ್ಳಲು ಇಡುವ ಹೆಚ್ಚುವರಿ ಸರಕು, ಸುಮಾರು 1,346 ಲೀಟರ್ ಆಗುತ್ತದೆ. ನಾಲ್ಕು ದಿನದ ಸಾಮಾನ್ಯ ಖರ್ಚು 1,600 ಲೀಟರ್ ಸೇರಿಸಿದರೆ, ಟ್ಯಾಂಕಿನಲ್ಲಿ 2,946 ಲೀಟರ್ ಉಳಿದಿರುವಾಗಲೇ ಮುಂದಿನ ಬೇಡಿಕೆ ಹೊರಡಬೇಕು.

ಈಗ ಎರಡು ಬದಲಾವಣೆಗಳನ್ನು ಮಾಡಿ ಹೋಲಿಸಿ. ತುಕಡಿ ಶಿಸ್ತಿನಿಂದ ಖರ್ಚು ಮಾಡಿ ದಿನದ ಏರುಪೇರನ್ನು 80ರಿಂದ 40 ಲೀಟರಿಗೆ ಇಳಿಸಿದರೆ ಸುರಕ್ಷಾ ದಾಸ್ತಾನು 1,327 ಲೀಟರ್. ಉಳಿತಾಯ ಬರೀ 19 ಲೀಟರ್. ಅದರ ಬದಲು ಬೇಲೂರು–ಮೂಡಿಗೆರೆ ಕಡೆಯ ದಾರಿಯನ್ನು ಬದಲಿಯಾಗಿ ಮೊದಲೇ ಗೊತ್ತುಮಾಡಿಕೊಂಡು ಪೂರೈಕೆಯ ಏರುಪೇರನ್ನು 2 ದಿನದಿಂದ ಅರ್ಧ ದಿನಕ್ಕೆ ಇಳಿಸಿದರೆ ಸುರಕ್ಷಾ ದಾಸ್ತಾನು ಸುಮಾರು 423 ಲೀಟರಿಗೆ ಬಂದು ನಿಲ್ಲುತ್ತದೆ. ಭರವಸೆಯ ರಸ್ತೆ ಒಂಬೈನೂರಕ್ಕೂ ಹೆಚ್ಚು ಲೀಟರ್ ಡೀಸೆಲ್ಲಿನ ಕೆಲಸ ಮಾಡಿತು. ಗಡಿ ರಸ್ತೆಗಳಿಗೆಂದೇ 1960ರಲ್ಲಿ ಸ್ಥಾಪನೆಯಾದ ಬಾರ್ಡರ್ ರೋಡ್ಸ್ ಸಂಸ್ಥೆಯ ಕೆಲಸವನ್ನು ದಾಸ್ತಾನು ನಿರ್ವಹಣೆಯ ಅಧ್ಯಾಯದಲ್ಲಿಯೇ ಚರ್ಚಿಸಬೇಕೆಂದು ನಾನು ಹೇಳುವುದು ಇದಕ್ಕಾಗಿ.

ಸೂತ್ರದ ಮಿತಿಯನ್ನೂ ಬರೆಯಿರಿ. ಗುಡ್ಡ ಕುಸಿದರೆ ದಾರಿ ಅರ್ಧ ದಿನ ತಡವಾಗುವುದಿಲ್ಲ, ವಾರಗಟ್ಟಲೆ ಮುಚ್ಚಿಹೋಗುತ್ತದೆ. ಶತ್ರು ಸೇತುವೆ ಒಡೆದರೂ ಹಾಗೆಯೇ. ಸರಾಸರಿಯ ಸುತ್ತ ಅತ್ತಿತ್ತ ಓಲಾಡುವ ಏರುಪೇರಿಗೆ ಮೇಲಿನ ಲೆಕ್ಕ ಸಲ್ಲುತ್ತದೆಯೇ ಹೊರತು ಪೂರ್ತಿ ಕಡಿದುಹೋಗುವ ಸಂದರ್ಭಕ್ಕೆ ಸಲ್ಲುವುದಿಲ್ಲ. ಅದಕ್ಕೆ ‘ದಾರಿ ಹತ್ತು ದಿನ ಇಲ್ಲದಿದ್ದರೆ?’, ‘ಇಪ್ಪತ್ತು ದಿನ ಇಲ್ಲದಿದ್ದರೆ?’ ಎಂದು ಪ್ರತ್ಯೇಕವಾಗಿ ಕೇಳಿ, ಯಾವ ಕೆಲಸವನ್ನು ಯಾವ ದಿನ ನಿಲ್ಲಿಸಬೇಕಾಗುತ್ತದೆ ಎಂಬ ಪಟ್ಟಿ ಮಾಡಬೇಕು. 1944ರಲ್ಲಿ ಇಂಫಾಲದ ಮೇಲೆ ಬಂದ ಜಪಾನಿ ಸೇನೆ ಸುಮಾರು ಮೂರು ವಾರದ ಆಹಾರ ಹೊತ್ತು, ಬ್ರಿಟಿಷ್ ಉಗ್ರಾಣಗಳನ್ನು ಗೆದ್ದು ಉಣ್ಣುವ ಭರವಸೆಯಲ್ಲಿ ಹೊರಟಿತ್ತು. ಉಗ್ರಾಣಗಳು ಕೈಗೆ ಸಿಗಲಿಲ್ಲ. ರಸ್ತೆ ಕಡಿದುಹೋದ ಇಂಫಾಲಕ್ಕೆ ವಿಮಾನದಲ್ಲಿ ಸರಕು ಬರುತ್ತಲೇ ಇತ್ತು. ಮುತ್ತಿಗೆ ಹಾಕಿದವರೇ ಹಸಿವು ಮತ್ತು ರೋಗದಿಂದ ಸಾವಿರಾರು ಸಂಖ್ಯೆಯಲ್ಲಿ ಸತ್ತರು.

ಹಂತ 6: ದಾಸ್ತಾನನ್ನು ಎಲ್ಲಿಡಬೇಕು ಎಂಬುದನ್ನು ಪರಿಶೀಲಿಸಿ

ನಾಲ್ಕು ಠಾಣೆಗಳು ತಲಾ 100 ಲೀಟರ್ ಸುರಕ್ಷಾ ದಾಸ್ತಾನು ಇಟ್ಟುಕೊಂಡರೆ ಒಟ್ಟು 400 ಲೀಟರ್. ಅವುಗಳ ಖರ್ಚಿಗೆ ಪರಸ್ಪರ ಸಂಬಂಧವಿಲ್ಲದಿದ್ದರೆ ಹಿಂದಿನ ಒಂದೇ ಜಾಗದಲ್ಲಿ 200 ಲೀಟರ್ ಇಟ್ಟರೂ ಅಷ್ಟೇ ಭದ್ರತೆ ಸಿಗುತ್ತದೆ ಎಂದು ಗಣಿತ ಹೇಳುತ್ತದೆ. ಆದರೆ ಆ ಒಂದು ಜಾಗದಿಂದ ಠಾಣೆಗೆ ಹೋಗುವ ದಾರಿ ಕಡಿದರೆ ಆ 200 ಲೀಟರ್ ಯಾರಿಗೂ ಇಲ್ಲ. ಬೆಲೆ ಹೆಚ್ಚಿನ, ಅಪರೂಪಕ್ಕೆ ಬೇಕಾಗುವ, ಹೆಲಿಕಾಪ್ಟರಿನಲ್ಲಿ ಹಾರಿಸಬಹುದಾದಷ್ಟು ಹಗುರವಾದ ಭಾಗಗಳನ್ನು ಹಿಂದೆ ಒಟ್ಟುಗೂಡಿಸಿಡುವುದು, ಭಾರವಾದ, ದಿನವೂ ಬೇಕಾದ ಸರಕನ್ನು ಮುಂದಕ್ಕೆ ತಳ್ಳಿಡುವುದು ಸಾಮಾನ್ಯವಾಗಿ ಒಪ್ಪುವ ದಾರಿ.

ಮುಂದೆ ತಳ್ಳಿದಷ್ಟೂ, ಒಂದೆಡೆ ರಾಶಿ ಹಾಕಿದಷ್ಟೂ ಅಪಾಯವೂ ಏರುತ್ತದೆ. 2000ದ ಏಪ್ರಿಲ್‌ನಲ್ಲಿ ಭರತ್‌ಪುರದ ಮದ್ದುಗುಂಡು ಡಿಪೊದಲ್ಲಿಯೂ 2016ರ ಮೇ 31ರಂದು ಪುಲ್‌ಗಾಂವ್‌ನ ಕೇಂದ್ರೀಯ ಮದ್ದುಗುಂಡು ಡಿಪೊದಲ್ಲಿಯೂ ಬಿದ್ದ ಬೆಂಕಿಯನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಿ. ಪುಲ್‌ಗಾಂವ್‌ನಲ್ಲಿ ಅಧಿಕಾರಿಗಳು, ಜವಾನರು, ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಅವಧಿ ಮುಗಿದ ಅಥವಾ ದೋಷವಿರುವ ಮದ್ದುಗುಂಡು ಪಟ್ಟಿಯಲ್ಲಿ ಸಂಖ್ಯೆಯಾಗಿ ಉಳಿದಿರುತ್ತದೆ, ಯುದ್ಧಕ್ಕೆ ಉಪಯೋಗಕ್ಕೆ ಬರುವುದಿಲ್ಲ, ಪಕ್ಕದ ಒಳ್ಳೆಯ ದಾಸ್ತಾನಿಗೂ ಕಾಯುವವರಿಗೂ ಅಪಾಯ ತರುತ್ತದೆ. ಆದ್ದರಿಂದ ದಿನಗಳ ಲೆಕ್ಕ ಹಾಕುವಾಗ ಅದನ್ನು ಕಳೆದೇ ಎಣಿಸಬೇಕು.

ಹಂತ 7: ಕಾಗದದ ಮೇಲಿನ ಲೆಕ್ಕವನ್ನೂ ಕಪಾಟಿನಲ್ಲಿರುವುದನ್ನೂ ತಾಳೆ ನೋಡಿ

ಇದು ಚಿಕ್ಕ ಹಂತ, ಆದರೆ ಬಿಡುವಂತಿಲ್ಲ. 1990–91ರ ಕೊಲ್ಲಿ ಯುದ್ಧಕ್ಕೆ ಅಮೆರಿಕ ಸುಮಾರು 40,000 ಕಂಟೇನರುಗಳನ್ನು ಕಳಿಸಿತು. ಒಳಗೇನಿದೆ ಎಂದು ತಿಳಿಯಲು ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಾಗಿಲು ತೆರೆದು ನೋಡಬೇಕಾಯಿತು. 2003ರ ಇರಾಕ್ ಯುದ್ಧದ ಹೊತ್ತಿಗೆ ರೇಡಿಯೊ ಗುರುತುಚೀಟಿಗಳು ಬಂದಿದ್ದವು. ಆದರೂ ಕಳಿಸಿದ್ದಕ್ಕೂ ತಲುಪಿತೆಂದು ಒಪ್ಪಿಕೊಂಡದ್ದಕ್ಕೂ ನಡುವೆ 120 ಕೋಟಿ ಡಾಲರಿನ ವ್ಯತ್ಯಾಸವಿದೆ ಎಂದು ಆ ದೇಶದ ಸಂಸತ್ತಿನ ಲೆಕ್ಕ ತಪಾಸಣಾ ಸಂಸ್ಥೆ ಅದೇ ವರ್ಷ ವರದಿ ಮಾಡಿತು. ಸರಕು ಎಲ್ಲಿದೆ ಎಂದು ಗೊತ್ತಿಲ್ಲದ ಸೇನಾಧಿಕಾರಿ ಅದೇ ಸರಕಿಗೆ ಮತ್ತೆ ಮತ್ತೆ ಬೇಡಿಕೆ ಕಳಿಸುತ್ತಾನೆ, ಅದರಿಂದ ದಾರಿ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಬಿನ್ ಕಾರ್ಡು (ಸರಕಿನ ಪಕ್ಕದಲ್ಲೇ ಇಡುವ ಲೆಕ್ಕದ ಚೀಟಿ), ಲೆಡ್ಜರು, ಭೌತಿಕ ಪರಿಶೀಲನೆ ಈ ಮೂರೂ ಎಷ್ಟರ ಮಟ್ಟಿಗೆ ಹೊಂದುತ್ತವೆ ಎಂಬುದೇ ಒಂದು ಅಳತೆ. ಅದನ್ನು ಶೇಕಡಾವಾರು ಬರೆಯಿರಿ.

ಹಂತ 8: ಬಜೆಟ್ ಕಡಿತ ಮತ್ತು ಸಾಮರ್ಥ್ಯದ ಸಂಬಂಧವನ್ನು ಒಂದು ದೀರ್ಘ ಉದಾಹರಣೆಯಲ್ಲಿ ಹಿಂಬಾಲಿಸಿ

ಇದಕ್ಕೆ ದೂರ ಹೋಗಬೇಕಾಗಿಲ್ಲ. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವನ್ನೂ ಚಿಕ್ಕಮಗಳೂರು, ಹಾಸನ, ತುಮಕೂರು, ಚಿತ್ರದುರ್ಗ ಸೀಮೆಗಳಲ್ಲಿ ಹರಡಿದ್ದ ಅಮೃತಮಹಲ್ ಕಾವಲುಗಳನ್ನೂ (ದನ ಮೇಯುವ ಹುಲ್ಲುಗಾವಲುಗಳು) ನಮ್ಮ ವಿದ್ಯಾರ್ಥಿಗಳು ಪಶುಪಾಲನೆಯ ವಿಷಯವೆಂದೇ ತಿಳಿದಿದ್ದಾರೆ. ಆದರೆ ಅದು ಎರಡು ಶತಮಾನ ನಡೆದ ಸೇನಾ ಪೂರೈಕೆ ವ್ಯವಸ್ಥೆಯಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ (ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ದನಗಳ ಇಲಾಖೆ), ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ ತೋಪು ಮತ್ತು ಸಾಮಾನು ಎಳೆಯುವ ಎತ್ತುಗಳ ಉಗ್ರಾಣವಾಗಿ ಬೆಳೆದು ಅಮೃತಮಹಲ್ ಎಂಬ ಹೆಸರು ಪಡೆಯಿತು. ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲದ ಮೇವಿಗೆ ತಕ್ಕಂತೆ ವಿಂಗಡಿಸಿದ್ದರು. ದಾಸ್ತಾನು ಎಲ್ಲಿರಬೇಕು ಎಂಬ ಆರನೆಯ ಹಂತದ ಪ್ರಶ್ನೆಗೆ ಋತುಮಾನಕ್ಕೆ ಹೊಂದಿದ ಉತ್ತರ ಅದು. ಈ ಎತ್ತುಗಳ ಬಲದಿಂದಲೇ ಹೈದರಾಲಿ 1781ರಲ್ಲಿ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಂ ತಲುಪಿದನೆಂದು ಹಳೆಯ ಗೆಜೆಟಿಯರುಗಳು ದಾಖಲಿಸಿವೆ.

ಎದುರು ಪಕ್ಷದ ಸ್ಥಿತಿಯನ್ನು ಹೋಲಿಸಿ. 1791ರ ಮೇ ತಿಂಗಳಲ್ಲಿ ಅರಕೆರೆಯ ಬಳಿ ಟಿಪ್ಪುವಿನ ಸೇನೆಯನ್ನು ಹಿಮ್ಮೆಟ್ಟಿಸಿದ ಬ್ರಿಟಿಷ್ ಸೇನಾನಾಯಕ ಕಾರ್ನ್‌ವಾಲಿಸ್‌ಗೆ ಶ್ರೀರಂಗಪಟ್ಟಣ ಕಣ್ಣೆದುರಿಗೇ ಇತ್ತು. ಆದರೆ ಟಿಪ್ಪು ದಾರಿಯ ಮೇವನ್ನೂ ಧಾನ್ಯವನ್ನೂ ಇಲ್ಲದಂತೆ ಮಾಡಿದ್ದನು. ರೋಗ ಮತ್ತು ಹಸಿವಿನಿಂದ ಎತ್ತುಗಳು ರಾಶಿ ರಾಶಿಯಾಗಿ ಸತ್ತವು. ಎಳೆಯಲು ಎತ್ತಿಲ್ಲದ ಮುತ್ತಿಗೆ ಫಿರಂಗಿಗಳನ್ನು ತನ್ನ ಕೈಯಿಂದಲೇ ಹಾಳುಮಾಡಿ ಕಾರ್ನ್‌ವಾಲಿಸ್ ಹಿಂತಿರುಗಿದನು. ಹಿಂದಿರುಗುವ ದಾರಿಯಲ್ಲಿ ಮರಾಠರ ದಂಡು ಎದುರಾಗಿ, ಅದರ ಜೊತೆಗಿದ್ದ ಬಜಾರಿನ ಧಾನ್ಯ ಅವನ ಸೇನೆಯನ್ನು ಉಳಿಸಿತು. 1792ರ ಫೆಬ್ರವರಿಯಲ್ಲಿ ಮತ್ತೆ ಬಂದಾಗ ಬಂಜಾರರ ಹೇರೆತ್ತುಗಳ ಮೂಲಕ ಧಾನ್ಯದ ವ್ಯವಸ್ಥೆ ಗಟ್ಟಿಯಾಗಿತ್ತು, ಫಲಿತಾಂಶವೂ ಬೇರೆಯಾಯಿತು. ಕಾದಾಡುವ ಸೇನೆಗಳು ಎರಡೂ ಸಲ ಹೆಚ್ಚುಕಡಿಮೆ ಅವೇ. ಬದಲಾದದ್ದರಲ್ಲಿ ಪೂರೈಕೆಯ ಪಾಲು ದೊಡ್ಡದು.

1799ರ ನಂತರ ಈ ದನಗಳು ಬ್ರಿಟಿಷರಿಗೆ ದಕ್ಕಿದವು. 1860ರಲ್ಲಿ ಮದ್ರಾಸ್ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲು ಆ ವ್ಯವಸ್ಥೆಯನ್ನೇ ಮುಚ್ಚಿ ದನಗಳನ್ನು ಮಾರಿಸಿದನು. ಬೇಗನೆ ಸರ್ಕಾರಿ ಕೆಲಸಕ್ಕೆ ಒಳ್ಳೆಯ ಎತ್ತುಗಳ ಬರ ತಟ್ಟಿತು. 1866ರಲ್ಲಿ ಅದನ್ನು ಮತ್ತೆ ಕಟ್ಟಬೇಕಾಯಿತು. ಈ ಪ್ರಸಂಗವನ್ನು ಒಂದೊಂದು ಸಾಲಾಗಿ ಬಿಡಿಸಿ ಬರೆಯಿರಿ: ಉಳಿತಾಯ ಮೊದಲ ವರ್ಷದ ಲೆಕ್ಕದಲ್ಲಿಯೇ ಕಾಣಿಸಿತು, ನಷ್ಟ ಕಾಣಿಸಿದ್ದು ಬೇಕಾದಾಗ, ಒಂದು ಕರು ತೋಪು ಎಳೆಯುವ ಎತ್ತಾಗಲು ಹಲವು ವರ್ಷ ಬೇಕಾದ್ದರಿಂದ ಹಣ ಮಂಜೂರಾದ ದಿನ ಸಾಮರ್ಥ್ಯ ಮರಳಲಿಲ್ಲ. ಇಂದಿನ ಮದ್ದುಗುಂಡಿನ ಉತ್ಪಾದನಾ ಸಾಲು, ನುರಿತ ಕೆಲಸಗಾರ, ವಿಮಾನದ ಎಂಜಿನಿನ ಭಾಗ ಮೂರಕ್ಕೂ ಇದೇ ಗುಣವಿದೆ. ತಯಾರಿಯ ಅವಧಿ ಯುದ್ಧದ ಅವಧಿಗಿಂತ ಉದ್ದವಾಗಿರುವ ಯಾವ ವಸ್ತುವನ್ನೂ ‘ಬೇಕಾದಾಗ ತರಿಸಿಕೊಳ್ಳೋಣ’ ಎಂಬ ಪಟ್ಟಿಗೆ ಸೇರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 9: ಮಾಹಿತಿಯನ್ನು ಸರಿಯಾದ ಜಾಗದಿಂದ ಪಡೆಯಿರಿ

ನಮ್ಮ ಊರುಗಳಲ್ಲಿ ನಿವೃತ್ತ ಸೈನಿಕರು ಇದ್ದಾರೆ, ಪ್ರೀತಿಯಿಂದ ಮಾತನಾಡುತ್ತಾರೆ. ಅವರನ್ನು ಪದ್ಧತಿಯ ಬಗ್ಗೆ ಕೇಳಿ: ಬೇಡಿಕೆ ಹೇಗೆ ಬರೆಯುತ್ತಿದ್ದರು, ಕಾಯುವಾಗ ಏನು ಮಾಡುತ್ತಿದ್ದರು, ಒಂದು ಕೆಟ್ಟ ವಾಹನದ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕುವ ಪರಿಸ್ಥಿತಿ ಎಷ್ಟು ಸಲ ಬರುತ್ತಿತ್ತು. ಯಾವ ಠಾಣೆಯಲ್ಲಿ ಎಷ್ಟು ದಾಸ್ತಾನಿದೆ, ಡಿಪೊ ಎಲ್ಲಿದೆ, ಕಾನ್ವಾಯ್ ಯಾವ ದಿನ ಹೊರಡುತ್ತದೆ ಎಂದು ಕೇಳಲೇಬೇಡಿ, ಯಾರಾದರೂ ಹೇಳಿದರೂ ಬರೆಯಬೇಡಿ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿಮಗೂ ಅವರಿಗೂ ಅನ್ವಯಿಸುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಎ) ವಿಧಿಯೂ ದೇಶದ ಭದ್ರತೆಗೆ ಸಂಬಂಧಿಸಿದ ಮಾಹಿತಿಗೆ ವಿನಾಯಿತಿ ಕೊಟ್ಟಿದೆ. ಸಂಸತ್ತಿನಲ್ಲಿ ಮಂಡಿಸಿದ ಸಿಎಜಿ ವರದಿಗಳು, ರಕ್ಷಣೆಯ ಸ್ಥಾಯಿ ಸಮಿತಿಯ ವರದಿಗಳು, ಕಾರ್ಗಿಲ್ ಪರಿಶೀಲನಾ ಸಮಿತಿಯ ಪ್ರಕಟಿತ ಭಾಗಗಳು ಒಂದು ಪ್ರಾಜೆಕ್ಟಿಗೆ ಬೇಕಾದುದಕ್ಕಿಂತ ಹೆಚ್ಚನ್ನೇ ಕೊಡುತ್ತವೆ.

ಸ್ವಂತ ಅಂಕಿಅಂಶ ಬೇಕೆಂದರೆ ಸೇನೆಯನ್ನು ಹೋಲುವ ನಾಗರಿಕ ವ್ಯವಸ್ಥೆಯೊಂದನ್ನು ಆರಿಸಿಕೊಳ್ಳಿ. ಅನುಮತಿ ಪಡೆದು ಒಂದು ಬಸ್ ಡಿಪೊದಲ್ಲಿಯೋ ಆಂಬುಲೆನ್ಸ್ ಪಡೆಯಲ್ಲಿಯೋ ಆರು ತಿಂಗಳ ದಾಖಲೆ ನೋಡಿ, ಪ್ರತಿ ವಾಹನ ನಿಂತ ಗಂಟೆಗಳನ್ನು ‘ಕೈಕೆಲಸ’ ಮತ್ತು ‘ಭಾಗಕ್ಕೆ ಕಾದದ್ದು’ ಎಂದು ಎರಡು ಕಾಲಂನಲ್ಲಿ ಬರೆದುಕೊಳ್ಳಿ. ಕಾದ ಗಂಟೆಗಳನ್ನು ವಸ್ತುವಾರು ವಿಂಗಡಿಸಿದರೆ ಒಂದು ಸಣ್ಣ ಪಟ್ಟಿಯ ವಸ್ತುಗಳೇ ಹೆಚ್ಚಿನ ಕಾಯುವಿಕೆಗೆ ಕಾರಣವಾಗಿವೆಯೇ ಎಂದು ತಿಳಿಯುತ್ತದೆ. ಆ ವಸ್ತುಗಳಿಗೆ ಮೂರನೆಯ ಹಂತದ ಕೋಷ್ಟಕವನ್ನೂ ಐದನೆಯ ಹಂತದ ಲೆಕ್ಕವನ್ನೂ ಅನ್ವಯಿಸಿ, ಎಷ್ಟು ಹಣದ ಹೆಚ್ಚುವರಿ ದಾಸ್ತಾನಿನಿಂದ ಎಷ್ಟು ವಾಹನಗಳು ರಸ್ತೆಗೆ ಮರಳುತ್ತವೆ ಎಂದು ತೋರಿಸಿ. ವಾಹನ ನಿಲ್ಲಲು ಚಾಲಕರ ಕೊರತೆ, ಹಳೆಯ ಎಂಜಿನು, ಘಾಟಿಯ ರಸ್ತೆ ಮುಂತಾದ ಬೇರೆ ಕಾರಣಗಳೂ ಇರುತ್ತವೆ. ಅವುಗಳನ್ನು ಮೂರನೆಯ ಕಾಲಂನಲ್ಲಿ ಬೇರೆಯಾಗಿ ದಾಖಲಿಸಿ, ದಾಸ್ತಾನಿಗೆ ಸಲ್ಲದ ಹೊಣೆಯನ್ನು ಅದರ ಮೇಲೆ ಹೊರಿಸದಿರಿ.